ಹಾಡಿಗೊಂದು ಮನೆ, ಮನೆಗೊಂದು ದಿನ

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯ ಎಡಬಲದ ಹಳ್ಳಿಗಳಲ್ಲಿ, ಹಗಲಿನ ಬಿಸಿಲು ಇಳಿದರೂ ಬಂಡೆಗಳ ಕಾವು ಇನ್ನೂ ಆರದಿರುವ ಹೊತ್ತಿನಲ್ಲಿ, ಶನಿವಾರದ ರಾತ್ರಿ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹಾಸಿ, ನಡುವೆ ಪೇಟಿಯನ್ನಿಟ್ಟು, ಅದರ ಬಲಕ್ಕೆ ತಬಲಾ ಡಗ್ಗಾ, ಎಡಕ್ಕೆ ದಮ್ಮಡಿ, ಸುತ್ತಲೂ ತಾಳ ಹಿಡಿದ ಎಂಟು ಹತ್ತು ಜನ ಕೂಡಿ ಪದ ಹಾಡುತ್ತಿದ್ದ ನೋಟವನ್ನು ಬಾಲ್ಯದಲ್ಲಿ ಕಂಡವನು ನಾನು. ಅಲ್ಲಿ ವೇದಿಕೆಯಿರಲಿಲ್ಲ, ನಿರೂಪಕನಿರಲಿಲ್ಲ, ಹಾಡುಗಾರರನ್ನು ಕೇಳುಗರಿಂದ ಬೇರ್ಪಡಿಸುವ ಯಾವ ಗೆರೆಯೂ ಇರಲಿಲ್ಲ. ಮುಂದಾಳು ಪಲ್ಲವಿಯನ್ನು ಎತ್ತಿಕೊಡುವನು. ಹಿಮ್ಮೇಳದವರು ಅದನ್ನು ಮರಳಿ ಕೊಡುವರು. ಕೊಟ್ಟದ್ದನ್ನು ಆತನು ಸ್ವಲ್ಪ ಬಾಗಿಸಿ, ಒಂದು ಸ್ವರದಷ್ಟು ಮೇಲೇರಿಸಿ, ಮತ್ತೊಮ್ಮೆ ಎಸೆಯುವನು. ಹೀಗೆ ಕೊಡುಕೊಳೆಯಲ್ಲಿ ನಾಲ್ಕು ನುಡಿಯ ಪದವೊಂದು ಅರ್ಧ ತಾಸಾದರೂ ಮುಗಿಯದೆ, ಹೋದ ವಾರ ಹಾಡಿದ ಹಾಗೆ ಈ ವಾರ ಇರದೆ, ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತಿತ್ತು.

ನನಗೂ ಹಾಡಬೇಕೆಂಬ ಆಸೆಯಾಗಿ ಒಂದು ರಾತ್ರಿ ಪೇಟಿಯ ಬಳಿಗೆ ಸರಿದು ಕುಳಿತಾಗ, ಮೇಳದ ಹಿರಿಯನಾಗಿದ್ದ ತಾತನೊಬ್ಬನು ನನ್ನ ಕೈಯಲ್ಲಿ ಒಂದು ಜೊತೆ ತಾಳವನ್ನಿಟ್ಟು, “ತಮ್ಮಾ, ಮೊದ್ಲು ತಾಳ ಹಿಡ್ದು ಕುಂದ್ರು, ಪದ ಆಮ್ಯಾಲೆ ತಾನ ಬರ್ತದ” ಎಂದನು. ಎರಡು ವರ್ಷ ತಾಳವನ್ನೇ ಹಿಡಿದು ಕುಳಿತೆನು. ನಾನು ಹಾಡುಗಾರನಾಗಲಿಲ್ಲ; ಆದರೆ ಕೇಳುವುದನ್ನು ಕಲಿತೆನು. ಸಂಗೀತದ ಶಿಕ್ಷಣದಲ್ಲಿ ಇದು ಅಲ್ಪವಾದ ಲಾಭವೆಂದು ನಾನು ಎಣಿಸುವುದಿಲ್ಲ.

ಈ ನೆನಪನ್ನು ಇಲ್ಲಿ ತರುವುದಕ್ಕೆ ಕಾರಣವುಂಟು. ನಮ್ಮ ನಾಡಿನಲ್ಲಿ ಸಂಗೀತವು ಕ್ಷೀಣಿಸುತ್ತಿದೆಯೆಂದು ವ್ಯಥೆಪಡುವವರು ಸಾಮಾನ್ಯವಾಗಿ ಗಾಯಕರ ಅಭಾವವನ್ನು, ಗುರುಗಳ ಅಭಾವವನ್ನು, ಸರಕಾರದ ಧನಸಹಾಯದ ಅಭಾವವನ್ನು ಎತ್ತಿ ಹೇಳುತ್ತಾರೆ. ಅವೆಲ್ಲ ನಿಜವಿರಬಹುದು. ಆದರೆ ನನ್ನ ಅಭಿಪ್ರಾಯದಲ್ಲಿ ಸಂಗೀತವನ್ನು ಮೊದಲು ಬದುಕಿಸುವಂಥದು ಒಂದು ನಿಶ್ಚಿತವಾದ ಸ್ಥಳ, ಒಂದು ನಿಶ್ಚಿತವಾದ ದಿನ, ಮತ್ತು ಆ ದಿನ ಆ ಸ್ಥಳಕ್ಕೆ ಕರೆಯದೆಯೇ ಬಂದು ಕೂಡುವ ಹತ್ತಿಪ್ಪತ್ತು ಮಂದಿ. ಈ ಮೂರೂ ಇದ್ದ ಕಡೆ ಹಾಡು ತಾನಾಗಿ ಬಂದು ನೆಲೆಸಿದೆ.

ಇಂಥ ಸಂಘಟನೆಗೆ ನಮ್ಮ ಭಾಷೆಯಲ್ಲಿ ಬಹಳ ಹಳೆಯ ಹೆಸರೊಂದಿದೆ; ಅದು ಕೂಟ. ಇಂದು ನಮ್ಮ ಪಟ್ಟಣಗಳಲ್ಲಿ ಕ್ಲಬ್ಬು ಎಂದೊಡನೆ ಜನರ ಮನಸ್ಸಿಗೆ ಇಸ್ಪೀಟಿನ ಎಲೆಗಳು ಮಾತ್ರ ಬರುವುದು ದುಃಖದ ವಿಷಯ. ಏಕೆಂದರೆ ಅದೇ ಅರ್ಥದ ಕೂಟವೆಂಬ ಶಬ್ದವು ಇದೇ ನೆಲದಲ್ಲಿ ಹರಿದಾಸರಿಗೆ ಸಂದ ಗೌರವದ ಹೆಸರಾಗಿತ್ತು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ದೋಆಬ್ ಪ್ರದೇಶವನ್ನು ಇತಿಹಾಸಕಾರರು ವಿಜಯನಗರದವರೂ ಬಹಮನಿಗಳೂ ಕಾದಾಡಿದ ರಣಭೂಮಿಯೆಂದು ವರ್ಣಿಸುವುದುಂಟು. ಮುದಗಲ್ಲಿನ ಕೋಟೆಯ ಕಲ್ಲುಗಳು ಅದಕ್ಕೆ ಸಾಕ್ಷಿಯೂ ಹೌದು. ಆದರೆ ಕೋಟೆಗಳಿಗಾಗಿ ಹರಿದ ರಕ್ತವೆಲ್ಲ ಒಣಗಿಹೋದ ಮೇಲೆ ಈ ಸೀಮೆಯು ಕನ್ನಡಕ್ಕೆ ಕೊಟ್ಟದ್ದು ಹಾಡು. ಮಾನ್ವಿ ತಾಲೂಕಿನ ಚೀಕಲಪರ್ವಿಯವರು ವಿಜಯದಾಸರು (1682–1755). ದೇವದುರ್ಗ ತಾಲೂಕಿನ ಮೊಸರಕಲ್ಲಿನವರು ಅವರ ಶಿಷ್ಯರಾದ ಗೋಪಾಲದಾಸರು. ಬ್ಯಾಗವಟ್ಟಿನಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿ ಹರಿಕಥಾಮೃತಸಾರವನ್ನು ರಚಿಸಿದವರು ಜಗನ್ನಾಥದಾಸರು (1728–1809). ಅವರ ಶಿಷ್ಯರಾಗಿ ಲಿಂಗಸುಗೂರಿನಲ್ಲಿ ಹಾಡಿದವರು ಪ್ರಾಣೇಶದಾಸರು. ಇವರ ಬಳಿಕ ಗುರುಪ್ರಾಣೇಶ, ಶ್ರೀಶಪ್ರಾಣೇಶ ಎಂಬ ಅಂಕಿತಗಳಿಂದ ಪದಗಳನ್ನು ಕಟ್ಟಿದವರೂ ಅದೇ ಲಿಂಗಸುಗೂರಿನ ಪರಂಪರೆಯವರು. ಒಂದೆರಡು ದಿನದ ಕಾಲ್ನಡಿಗೆಯ ಅಂತರದೊಳಗೆ ಗುರು, ಶಿಷ್ಯ, ಪ್ರಶಿಷ್ಯರು ಹೀಗೆ ಒಬ್ಬರ ಹಿಂದೊಬ್ಬರು ಹುಟ್ಟಿದ್ದನ್ನು ಆಕಸ್ಮಿಕವೆನ್ನಲು ನನಗೆ ಮನಸ್ಸು ಬಾರದು.

ಜಗನ್ನಾಥದಾಸರ ವಿಷಯವಾಗಿ ಜನರು ಹೇಳುವ ಕಥೆಯೊಂದುಂಟು. ಮೊದಲು ಶ್ರೀನಿವಾಸಾಚಾರ್ಯರೆಂಬ ಘನ ಸಂಸ್ಕೃತ ಪಂಡಿತರಾಗಿದ್ದ ಅವರು, ಕನ್ನಡದಲ್ಲಿ ಹಾಡಿ ಕುಣಿಯುವ ದಾಸರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ತಮ್ಮ ಘನತೆಗೆ ಕುಂದೆಂದು ಬಗೆದು, ಹೊಟ್ಟೆನೋವೆಂಬ ನೆಪ ಹೇಳಿ ವಿಜಯದಾಸರ ಆಮಂತ್ರಣವನ್ನು ನಿರಾಕರಿಸಿದರಂತೆ. ಆ ನೆಪವೇ ನಿಜವಾದ ವ್ಯಾಧಿಯಾಗಿ ಕಾಡಿದಾಗ, ಕಡೆಗೆ ಗೋಪಾಲದಾಸರಲ್ಲಿಗೆ ಹೋಗಿ ಗುಣಹೊಂದಿ ತಾವೇ ದಾಸರಾದರಂತೆ. ಕಥೆಯಲ್ಲಿನ ಪವಾಡವನ್ನು ನಂಬುವುದೂ ಬಿಡುವುದೂ ಅವರವರ ಶ್ರದ್ಧೆಗೆ ಸೇರಿದ್ದು. ನನ್ನ ಮನಸ್ಸನ್ನು ಹಿಡಿದಿರುವ ಅಂಶ ಬೇರೆ: ಎಂಥ ವಿದ್ವಾಂಸನಾದರೂ ತನ್ನ ಮನೆಯ ಜಗುಲಿಯಿಂದ ಇಳಿದು, ಹಾಡು ನಡೆಯುವ ಎಡೆಗೆ ಬಂದು, ಹತ್ತು ಮಂದಿಯ ನಡುವೆ ಒಬ್ಬನಾಗಿ ಕುಳಿತಾಗಲೇ ಆತನ ವಿದ್ಯೆಯು ಜನರ ನಾಲಗೆಗೆ ಏರಿತೆಂಬುದು.

ದಾಸರ ಕೂಟವೊಂದೇ ಅಲ್ಲ. ಅಮಾವಾಸ್ಯೆಯ ರಾತ್ರಿ ಮಠಗಳಲ್ಲಿ ಏಕತಾರಿಯ ಶ್ರುತಿಗೆ ಕಡಕೋಳ ಮಡಿವಾಳಪ್ಪನವರ ತತ್ತ್ವಪದಗಳನ್ನು ಬೆಳಗಿನವರೆಗೆ ಹಾಡುವ ಮೇಳಗಳು ರಾಯಚೂರು ಕಲಬುರಗಿಗಳ ಹಳ್ಳಿಗಳಲ್ಲಿ ಅಸಂಖ್ಯಾತವಾಗಿದ್ದವು. ಕೆಲವು ಇಂದಿಗೂ ಇವೆ. ಮೊಹರಂ ಬಂದಿತೆಂದರೆ ಲಿಂಗಸುಗೂರು ತಾಲೂಕಿನ ಮುದಗಲ್ಲಿಗೆ ಸುತ್ತಣ ಊರುಗಳಿಂದ ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಜನ ಸೇರುವುದನ್ನೂ, ಹಳ್ಳಿಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹಸನ ಹುಸೇನರ ಕಥೆಯನ್ನು ಅಚ್ಚಗನ್ನಡದ ರಿವಾಯತ ಪದಗಳಲ್ಲಿ ಹಾಡುವುದನ್ನೂ ಈ ಭಾಗದವರಿಗೆ ನಾನು ವಿವರಿಸಬೇಕಾಗಿಲ್ಲ. ಕರ್ಬಲದ ಮರಳುಗಾಡಿನಲ್ಲಿ ನಡೆದ ದುರಂತವನ್ನು ನಮ್ಮ ಎರೆಹೊಲದ ರೈತನು ತನ್ನ ಮನೆಯ ಸಾವೆಂಬಂತೆ ಹಾಡಿ ಅಳುವುದು ಸಂಗೀತದಿಂದಲ್ಲದೆ ಇನ್ನಾವುದರಿಂದ ಸಾಧ್ಯವಾದೀತು?

ಈಗ ಬಹುದೂರದ ಒಂದು ಕೋಣೆಗೆ ಓದುಗರನ್ನು ಕರೆದೊಯ್ಯುತ್ತೇನೆ. ನ್ಯೂಯಾರ್ಕ್ ನಗರದ ಸೆವೆಂತ್ ಅವೆನ್ಯೂ ಎಂಬ ಬೀದಿಯಲ್ಲಿ, ಮೆಟ್ಟಿಲಿಳಿದು ಹೋಗಬೇಕಾದ ನೆಲಮಾಳಿಗೆಯೊಂದರಲ್ಲಿ, 1935ರಿಂದ ನಡೆದುಬಂದಿರುವ ‘ವಿಲೇಜ್ ವ್ಯಾನ್‌ಗಾರ್ಡ್’ ಎಂಬ ಜಾಝ್ ಕ್ಲಬ್ಬೊಂದಿದೆ. ಅದನ್ನು ತೆರೆದವನು ಮ್ಯಾಕ್ಸ್ ಗಾರ್ಡನ್. 1989ರಲ್ಲಿ ಆತನು ತೀರಿಕೊಂಡ ಮೇಲೆ ಅದನ್ನು 2018ರಲ್ಲಿ ತಾನು ಕಣ್ಣುಮುಚ್ಚುವವರೆಗೆ ನಡೆಸಿದವಳು ಆತನ ಪತ್ನಿ ಲೊರೇನ್. ಆರಂಭದಲ್ಲಿ ಅಲ್ಲಿ ಕವಿಗಳು ಕವಿತೆಯೋದುತ್ತಿದ್ದರು, ಜನಪದ ಗಾಯಕರು ಹಾಡುತ್ತಿದ್ದರು. 1950ರ ದಶಕದ ಕೊನೆಯ ಹೊತ್ತಿಗೆ ಅದು ಸಂಪೂರ್ಣವಾಗಿ ಜಾಝ್ ಸಂಗೀತದ ಮನೆಯಾಯಿತು. ಮೂಲೆಯ ಕಡೆಗೆ ಕಿರಿದಾಗುತ್ತ ಹೋಗುವ ಆ ಕೋಣೆಯಲ್ಲಿ ನೂರಿಪ್ಪತ್ತಕ್ಕೂ ಸ್ವಲ್ಪ ಹೆಚ್ಚು ಜನರಿಗೆ ಮಾತ್ರ ಎಡೆ. ನಮ್ಮ ಸಿಂಧನೂರಿನ ಯಾವ ಕಲ್ಯಾಣಮಂಟಪದ ಊಟದ ಮನೆಯೂ ಅದಕ್ಕಿಂತ ವಿಶಾಲವಾಗಿದೆ. ಆದರೂ ಜಾಝ್ ಬಲ್ಲವರು ಆ ಕೋಣೆಯ ಹೆಸರನ್ನು ನಾವು ಸವಾಯಿ ಗಂಧರ್ವರ ಕುಂದಗೋಳದ ಹೆಸರನ್ನು ಹೇಳುವಷ್ಟೇ ಗೌರವದಿಂದ ಹೇಳುತ್ತಾರೆ.

ಜಾಝ್ ಸಂಗೀತವು ಹುಟ್ಟಿದ್ದು ದಾಸ್ಯದ ನೋವಿನಿಂದ. ಆಫ್ರಿಕದಿಂದ ಸೆರೆಹಿಡಿದು ತಂದು ದುಡಿಸಿಕೊಂಡ ಜನರಿಗೆ ನ್ಯೂ ಆರ್ಲಿಯನ್ಸ್ ನಗರದಲ್ಲಿ ವಾರಕ್ಕೊಮ್ಮೆ, ಭಾನುವಾರ ಮಾತ್ರ, ಒಂದು ಬಯಲಿನಲ್ಲಿ ಸೇರಿ ತಮ್ಮ ಡೋಲುಗಳನ್ನು ಬಾರಿಸಲು ಅವಕಾಶವಿತ್ತು. 1817ರಲ್ಲಿ ನಗರದ ಆಡಳಿತವು ಅಂಥ ಸೇರುವಿಕೆಯನ್ನು ಆ ಒಂದೇ ಸ್ಥಳಕ್ಕೆ ಸೀಮಿತಗೊಳಿಸಿತು. ಕಾಂಗೋ ಸ್ಕ್ವೇರ್ ಎಂದು ಅದಕ್ಕೆ ಹೆಸರು. ಯಜಮಾನರು ಕಡಿವಾಣವೆಂದು ಹಾಕಿದ ಆ ಒಂದು ಸ್ಥಳವೂ ಒಂದು ದಿನವೂ ಆ ಜನರ ನಾದವು ನಾಶವಾಗದಂತೆ ಕಾಪಾಡಿದವು. ಅಲ್ಲಿ ಉಳಿದ ತಾಳವೇ, ಒಬ್ಬನು ಹಾಡಿದ್ದಕ್ಕೆ ಹತ್ತು ಮಂದಿ ಮಾರ್ನುಡಿಯುವ ಆ ಪದ್ಧತಿಯೇ, ಚರ್ಚಿನ ಹಾಡುಗಳೊಡನೆ, ಮೆರವಣಿಗೆಯ ಬ್ಯಾಂಡಿನೊಡನೆ ಬೆರೆತು, ನೂರು ವರ್ಷಗಳ ತರುವಾಯ ಜಾಝ್ ಎಂಬ ಹೆಸರು ತಳೆಯಿತು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಮುಂದಾಳಿನ ಪಲ್ಲವಿಯನ್ನು ಹಿಮ್ಮೇಳದವರು ಮರಳಿಸುತ್ತಿದ್ದ ಆ ರೀತಿಯನ್ನು ಕೇಳಿ ಬೆಳೆದವನಿಗೆ ಈ ಸಂಗೀತವು ಪರಕೀಯವೆನ್ನಿಸುವುದಿಲ್ಲ. ಭಾಷೆ ತಿಳಿಯದು, ವಾದ್ಯಗಳು ಬೇರೆ. ಆದರೆ ಕೊಡುಕೊಳೆ ಅದೇ.

ವ್ಯಾನ್‌ಗಾರ್ಡಿನ ಚರಿತ್ರೆಯಲ್ಲಿ ನನ್ನನ್ನು ಅತ್ಯಂತ ಸಂತೋಷಪಡಿಸಿದ ಸಂಗತಿ ಇನ್ನೊಂದು. 1966ರ ಫೆಬ್ರುವರಿಯಲ್ಲಿ ಥ್ಯಾಡ್ ಜೋನ್ಸ್, ಮೆಲ್ ಲೂಯಿಸ್ ಎಂಬ ಇಬ್ಬರು ವಾದಕರು ದೊಡ್ಡ ಮೇಳವೊಂದನ್ನು ಕಟ್ಟಿ ಸೋಮವಾರದ ರಾತ್ರಿ ಅಲ್ಲಿ ನುಡಿಸಲಾರಂಭಿಸಿದರು. ಆ ಇಬ್ಬರೂ ಇಂದು ಇಲ್ಲ. ಅವರ ಮೇಳದ ಮೊದಲ ತಲೆಮಾರಿನವರಲ್ಲಿ ಬಹುಮಂದಿಯೂ ಇಲ್ಲ. ಆದರೆ ಸೋಮವಾರದ ಆ ಮೇಳವು ಹೊಸಬರನ್ನು ಸೇರಿಸಿಕೊಳ್ಳುತ್ತ ಅದೇ ಕೋಣೆಯಲ್ಲಿ ನಡೆದೇ ಇದೆ. ಸೋಮವಾರವೆಂದರೆ ಮಸ್ಕಿಯ ಮಲ್ಲಿಕಾರ್ಜುನನ ವಾರ. ನಮ್ಮ ಶಿವಾಲಯಗಳ ಸೋಮವಾರದ ಭಜನೆಗೂ ಆ ನೆಲಮಾಳಿಗೆಯ ಸೋಮವಾರಕ್ಕೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಬಲ್ಲೆನು. ಆದಾಗ್ಯೂ ಎರಡು ಕಡೆಯ ಜನರೂ ಒಂದೇ ಸತ್ಯವನ್ನು ಕಂಡುಕೊಂಡಿದ್ದರು. ಮನುಷ್ಯನು ಹಾಡನ್ನು ಮರೆಯಬಹುದು, ವಾರವನ್ನು ಮರೆಯುವುದಿಲ್ಲ.

1961ರಲ್ಲಿ ಬಿಲ್ ಎವನ್ಸ್ ಎಂಬ ಪಿಯಾನೋ ವಾದಕನೂ ಜಾನ್ ಕೋಲ್ಟ್ರೇನ್ ಎಂಬ ಸ್ಯಾಕ್ಸೊಫೋನ್ ವಾದಕನೂ ಆ ಕೋಣೆಯಲ್ಲಿ ನುಡಿಸಿದ್ದು ಮುದ್ರಿತವಾಗಿ ಜಗತ್ತಿನಾದ್ಯಂತ ಹರಡಿತು. ಎವನ್ಸನ ಮುದ್ರಿಕೆಯಲ್ಲಿ ಗಾಜಿನ ಲೋಟಗಳು ತಗಲುವ ಸದ್ದೂ ಕೇಳುಗರ ಮೆಲುದನಿಯೂ ಹಾಗೆಯೇ ಉಳಿದಿವೆ. ಕೇಳುಗನು ಸಂಗೀತದ ಹೊರಗಿನವನಲ್ಲ. ಕೇಳುವವರ ಉಸಿರನ್ನು ಹತ್ತಿರದಲ್ಲಿ ಕಾಣುವ ಹಾಡುಗಾರನು, ಎದುರಿನವನ ತಲೆ ಒಲೆದಾಗ ಮುಂದಕ್ಕೆ ಹೋಗುತ್ತಾನೆ, ಒಲೆಯದಿದ್ದಾಗ ದಾರಿಯನ್ನು ಬದಲಿಸುತ್ತಾನೆ. ಹತ್ತು ಸಾವಿರ ಕುರ್ಚಿಗಳ ಮುಂದೆ, ಕಣ್ಣು ಕುಕ್ಕುವ ದೀಪಗಳ ಹಿಂದೆ ನಿಂತವನಿಗೆ ಈ ಭಾಗ್ಯವಿಲ್ಲ.

ಇಂಥ ಮನೆಗಳು ಕನ್ನಡನಾಡಿನಲ್ಲಿಯೂ ಉಂಟು. 1905ರಲ್ಲಿ ಬೆಂಗಳೂರಿನ ಗಾಯನ ಸಮಾಜ ಹುಟ್ಟಿತು. 1939ರಲ್ಲಿ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ ರಾಮನವಮಿಯ ಸಂಗೀತೋತ್ಸವವನ್ನು ಆರಂಭಿಸಿತು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ತಮ್ಮ ಗಳಿಕೆಯನ್ನೆಲ್ಲ ಸುರಿದು ರಾಮಮಂದಿರವನ್ನೇ ಕಟ್ಟಿಸಿ ಅದನ್ನು ಸಂಗೀತಕ್ಕೆ ಒಪ್ಪಿಸಿದರು. ಕುಂದಗೋಳದಲ್ಲಿ ಸವಾಯಿ ಗಂಧರ್ವರ (1886–1952) ಬಳಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿಬರುತ್ತಿದ್ದರು. ಭೀಮಸೇನ ಜೋಶಿಯವರು ಗುರುವಿನ ಮನೆಯಲ್ಲಿದ್ದು ಸೇವೆಮಾಡಿ ಕಲಿತರು. ಆ ಊರಿನ ನಾಡಗೀರರ ವಾಡೆಯಲ್ಲಿ ಗುರುವಿನ ಪುಣ್ಯತಿಥಿಯ ಅಹೋರಾತ್ರಿ ಸಂಗೀತವನ್ನು ಕೇಳಿದವರು ಅದನ್ನು ಜನ್ಮದಲ್ಲಿ ಮರೆಯಲಾರರು. ನಮಗೆ ಇನ್ನೂ ಹತ್ತಿರವಾದದ್ದು ಗದುಗಿನ ವೀರೇಶ್ವರ ಪುಣ್ಯಾಶ್ರಮ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (1892–1944) ಕಣ್ಣಿಲ್ಲದ, ಅನ್ನವಿಲ್ಲದ ಮಕ್ಕಳನ್ನು ಕೂಡಿಸಿಕೊಂಡು, ಊರೂರು ತಿರುಗಿ ಜೋಳಿಗೆಯೊಡ್ಡಿ ನಡೆಸಿದ ಆ ವಿದ್ಯಾಲಯವನ್ನು, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಬೆಳೆಸಿದರು. ಶ್ರಾವಣದಲ್ಲಿ ನಮ್ಮ ಊರುಗಳ ಪುರಾಣ ಪ್ರವಚನಕ್ಕೆ ಪೇಟಿ, ತಬಲಾ ಸಾಥ್ ಕೊಡಲು ಬರುವವರನ್ನು ಎಲ್ಲಿ ಕಲಿತಿರೆಂದು ಕೇಳಿ ನೋಡಿದರೆ, ಗದುಗಿನ ಹೆಸರು ಎಷ್ಟು ಸಲ ಬರುವುದೆಂಬುದು ತಿಳಿಯುತ್ತದೆ.

ಬೆಂಗಳೂರಿನಲ್ಲಿ 1964ರಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಾಮಮಣಿ ದಂಪತಿಗಳು ಅಮೆರಿಕದ ಜಾಝ್ ವಾದಕ ಚಾರ್ಲಿ ಮರಿಯಾನೋನೊಡನೆ ಕೂಡಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದುದನ್ನೂ ಇಲ್ಲಿ ಸ್ಮರಿಸಬೇಕು. ಒಂದು ಮನೆಯಲ್ಲಿ ತಾಳವನ್ನು ಶ್ರದ್ಧೆಯಿಂದ ಕಲಿಸುತ್ತ ಕುಳಿತವರ ಬಾಗಿಲಿಗೆ ಸಮುದ್ರದಾಚೆಯ ಸಂಗೀತವು ತಾನಾಗಿ ಬಂದಿತು.

ಇನ್ನು ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ನಮ್ಮ ಮೂರು ಪಟ್ಟಣಗಳ ಇಂದಿನ ಸ್ಥಿತಿಯನ್ನು ನೋಡೋಣ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳು ಎದ್ದವು, ಕಲ್ಯಾಣಮಂಟಪಗಳು ಎದ್ದವು. ಲಿಂಗಸುಗೂರಿನ ನೆರೆಯಲ್ಲಿ ಹಟ್ಟಿಯ ಗಣಿ ಇಂದಿಗೂ ಭೂಮಿಯ ಗರ್ಭದಿಂದ ಚಿನ್ನವನ್ನು ತೆಗೆಯುತ್ತಿದೆ. ಮಸ್ಕಿ ಈಚೆಗೆ ತಾಲೂಕು ಕೇಂದ್ರವಾಗಿದೆ. ಸಂಪತ್ತಿನ ದೃಷ್ಟಿಯಿಂದ ನಮ್ಮ ಹಿರಿಯರು ಊಹಿಸಲಾರದಷ್ಟು ಅನುಕೂಲ ನಮಗೆ ಒದಗಿದೆ. ಆದರೆ ಈ ಮೂರು ಊರುಗಳಲ್ಲಿ ಯಾವುದರಲ್ಲಾಗಲಿ, ಅಪರಿಚಿತನೊಬ್ಬನು ಬಸ್ಸಿನಿಂದಿಳಿದು, “ಇಂದು ಇಲ್ಲಿ ಹಾಡು ಎಲ್ಲಿ ನಡೆಯುತ್ತದೆ?” ಎಂದು ಕೇಳಿದರೆ, ಕೈಮಾಡಿ ತೋರಿಸಲು ಒಂದು ಮನೆಯಿಲ್ಲ. ಗುಡಿಗಳಲ್ಲಿ ಧ್ವನಿವರ್ಧಕವು ಮುದ್ರಿತ ಭಕ್ತಿಗೀತೆಗಳನ್ನು ಹಾಡುತ್ತದೆ. ಅದರ ಕೆಳಗೆ ಪೇಟಿಯು ಬಟ್ಟೆ ಹೊದ್ದು ಮಲಗಿದೆ. ಗಣೇಶನ ಮೆರವಣಿಗೆಗೆ ಒಂದು ರಾತ್ರಿಯ ಡಿಜೆಗೆ ಕೊಡುವ ಹಣದಲ್ಲಿ ಭಜನಾ ಮೇಳವೊಂದು ಅನೇಕ ತಿಂಗಳು ನಡೆದೀತು. ವರ್ಷಕ್ಕೊಮ್ಮೆ ನಡೆಯುವ ಉತ್ಸವಗಳನ್ನು ನಾನು ಹಳಿಯುವುದಿಲ್ಲ. ಆದರೆ ಮೂರು ದಿನ ಮಳೆ ಸುರಿದು ಉಳಿದ ದಿನಗಳೆಲ್ಲ ಬರವಿದ್ದರೆ ಬೆಳೆ ಬಾರದೆಂಬುದನ್ನು ಎರೆಹೊಲದವರಿಗೆ ಹೇಳಿಕೊಡಬೇಕೆ?

ಕೆಲವು ವರ್ಷಗಳ ಹಿಂದೆ ನಾವು ನಾಲ್ಕಾರು ಮಂದಿ ಗೆಳೆಯರು, ತಿಂಗಳಿಗೊಂದು ಸಂಜೆ ತತ್ತ್ವಪದದ ಮೇಳವನ್ನು ಕರೆಸಬೇಕೆಂದು ಯೋಚಿಸಿ, ಈ ಭಾಗದ ಒಂದು ಊರಿನ ಸಾರ್ವಜನಿಕ ಭವನವನ್ನು ಕೇಳಿದೆವು. ಮದುವೆಗೆ ತೆಗೆದುಕೊಳ್ಳುವ ಬಾಡಿಗೆಯನ್ನೇ ಕೇಳಿದರು. ಭವನವು ಆ ತಿಂಗಳಿಡೀ ಬೀಗ ಹಾಕಿಕೊಂಡು ಬರಿದಾಗಿಯೇ ಇತ್ತು. ಕಡೆಗೆ ಒಬ್ಬರ ಮನೆಯ ಮಾಳಿಗೆಯ ಮೇಲೆ ಎರಡು ಸಲ ಹಾಡಿಸಿದೆವು. ಮೂರನೆಯ ಸಲಕ್ಕೆ ಮೇಳದ ಪೇಟಿಯವನು ದುಡಿಮೆಯನ್ನರಸಿ ಬೆಂಗಳೂರಿಗೆ ಹೋಗಿಬಿಟ್ಟಿದ್ದನು. ಅಷ್ಟಕ್ಕೇ ಅದು ನಿಂತಿತು. ಆ ಸೋಲಿನಲ್ಲಿ ನಮ್ಮ ಆಲಸ್ಯದ ಪಾಲೂ ಉಂಟೆಂದು ಒಪ್ಪುತ್ತೇನೆ.

ಗುಡಿಯ ಕಟ್ಟೆ ಇರುವಾಗ ಬೇರೆ ಮನೆಯೇಕೆ ಎಂದು ಕೇಳುವವರಿದ್ದಾರೆ. ಆ ಕಟ್ಟೆಯಿಂದಲೇ ನಾನು ಕಲಿತವನು. ಆದರೆ ಅದರ ಮೇಲೆ ಎಲ್ಲರೂ ಕೂಡುತ್ತಿದ್ದರೆಂದು ಹೇಳಿದರೆ ಸುಳ್ಳಾದೀತು. ಊರ ಹೊರಗಿನ ಕೇರಿಯವರು ಎಷ್ಟೋ ರಾತ್ರಿ ಕಟ್ಟೆಯ ಕೆಳಗೆ, ಕತ್ತಲೆಯಲ್ಲಿ ನಿಂತೇ ಕೇಳಿದ್ದನ್ನು ಕಂಡಿದ್ದೇನೆ. ಹೆಂಗಸರು ಹಗಲಿನಲ್ಲಿ ತಮ್ಮದೇ ಭಜನೆಯನ್ನು ಮಾಡಿಕೊಳ್ಳುವರಲ್ಲದೆ ಆ ರಾತ್ರಿಯ ಕೂಟಕ್ಕೆ ಬರುತ್ತಿರಲಿಲ್ಲ. ನಾಡು ತೊರೆದು ಬಂದು ಸಿಂಧನೂರಿನ ಸುತ್ತ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಪೂರ್ವಬಂಗಾಳದ ಕುಟುಂಬಗಳು ತಮ್ಮ ದುರ್ಗಾಪೂಜೆಯನ್ನು ಇಲ್ಲಿಯೇ ಆಚರಿಸುತ್ತವೆ. ಕಾಲುವೆಯ ಹಿಂದೆಯೇ ಬಂದ ತೆಲುಗು ರೈತರ ಕ್ಯಾಂಪುಗಳೂ ಇವೆ. ಇವರ ಹಾಡುಗಳನ್ನು ನಾವು ಕೂತು ಕೇಳಿದ್ದು ಎಷ್ಟು ಸಲ? ಇವರೆಲ್ಲರೂ ಸಂಕೋಚವಿಲ್ಲದೆ ಕಾಲಿಡಬಹುದಾದ ಮನೆಯೊಂದು ಗುಡಿಯ ಹೊರಗೂ ಬೇಕು. ಈ ಆಸೆ ಈ ನೆಲಕ್ಕೆ ಹೊಸದಲ್ಲ. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದನ್ನು ಹೆಸರಿಟ್ಟು ತಿಳಿಸಿದ ಶಾಸನವನ್ನು 1915ರಲ್ಲಿ ಚಿನ್ನದ ಅದಿರನ್ನು ಅರಸುತ್ತಿದ್ದ ಇಂಜಿನಿಯರ್ ಬೀಡನ್ ಕಂಡನು. ಶ್ರೇಯಸ್ಸು ದೊಡ್ಡವರಿಗೆ ಮಾತ್ರವಲ್ಲ, ಅಲ್ಪರಾದವರಿಗೂ ಲಭ್ಯವೆಂದು ಆ ಬಂಡೆಯು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಸಾರುತ್ತಲಿದೆ. ಅದರ ನೆರಳಿನ ಊರಿನಲ್ಲಿ ಕೇಳುವ ಕಂಬಳಿಯು ಎಲ್ಲರಿಗೂ ಹಾಸಿರಬೇಕೆಂದು ಆಶಿಸುವುದು ಅತಿಯಾಸೆಯಲ್ಲ.

ನಾನು ಕೇಳುವುದು ಬಹಳವೇನೂ ಅಲ್ಲ. ರಾಯಚೂರಿನಲ್ಲಿ, ವಚನಗಳನ್ನು ಹಾಡಿ ನಾಡನ್ನು ತಣಿಸಿದ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ; ಅಂಥ ದೊಡ್ಡ ಮಂದಿರವನ್ನೇ ನಮ್ಮಲ್ಲಿಯೂ ಕಟ್ಟಿರೆಂದು ನಾನು ಹಟಹಿಡಿಯಲಾರೆ. ಸಿಂಧನೂರಿನ ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿಯ ಪುರಸಭೆಗಳು ತಮ್ಮ ಸ್ವಾಧೀನದಲ್ಲಿರುವ ಕಟ್ಟಡಗಳಲ್ಲಿ ನೂರು ಜನ ನೆಲದ ಮೇಲೆ ಕೂಡಬಹುದಾದ ಒಂದೊಂದು ಕೋಣೆಯನ್ನು ವಾರಕ್ಕೊಂದು ಸಂಜೆ ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ. ಶ್ರುತಿ ಸರಿಯಿರುವ ಒಂದು ಪೇಟಿ, ಒಂದು ಜೊತೆ ತಬಲಾ, ನಾಲ್ಕು ಜೊತೆ ತಾಳ ಅಲ್ಲಿಯೇ ಇರಲಿ. ದಿನವು ಎಂದಿಗೂ ಬದಲಾಗದಿರಲಿ. ಹಾಡುವವರು ಇಬ್ಬರೇ ಬಂದರೂ, ಕೇಳುವವರು ಐದೇ ಮಂದಿಯಾದರೂ ಬಾಗಿಲು ತೆರೆಯಲಿ. ಅತಿಥಿಗಳ ಭಾಷಣವೂ ಹಾರತುರಾಯಿಯೂ ಬೇಡ. ಬಂದ ಮೇಳಕ್ಕೆ ಬಸ್ಸಿನ ಖರ್ಚು, ಒಂದು ಊಟ, ಕೈಯಲ್ಲಿಷ್ಟು ಸಂಭಾವನೆ ಸಿಕ್ಕರೆ ಸಾಕು. ಅಕ್ಕಿ ಗಿರಣಿಯ ಮಾಲೀಕರಿಗೆ, ವರ್ತಕರಿಗೆ ಇದು ಭಾರವಾಗದೆಂದು ಬಲ್ಲೆನು. ಜಾತ್ರೆಯ ದಾಸೋಹಕ್ಕೆ ಅವರು ಕೈಬಿಚ್ಚಿ ಕೊಡುವುದನ್ನು ನೋಡಿದ್ದೇನೆ. ಗವಾಯಿಗಳ ಜೋಳಿಗೆಯನ್ನು ಬರಿದಾಗಲು ಬಿಡದ ನಾಡು ಇದು.

ಆ ಮನೆ ದೊರೆಯುವವರೆಗೆ ಓದುಗರು ಮಾಡಬಹುದಾದ ಕೆಲಸವೊಂದಿದೆ. ಬರುವ ಅಮಾವಾಸ್ಯೆಯ ರಾತ್ರಿ ನಿಮ್ಮೂರಿನ ಮಠದಲ್ಲಿಯೋ ಗುಡಿಯಲ್ಲಿಯೋ ಭಜನೆ ಉಂಟೆ ಎಂದು ವಿಚಾರಿಸಿರಿ. ಉಂಟೆಂದು ತಿಳಿದರೆ, ಮನೆಯ ಮಗುವೊಂದನ್ನು ಕರೆದುಕೊಂಡು ಹೋಗಿ, ಕಂಬಳಿಯ ಅಂಚಿನಲ್ಲಿ ಕುಳಿತು, ಅದರ ಕೈಗೆ ಒಂದು ಜೊತೆ ತಾಳವನ್ನು ಕೊಡಿಸಿರಿ.